ಮುಂಚೆ ಹೇಳಿಟ್ಟ ಕಿಟಕಿ

ನಮ್ಮ ಕಡೆ ಮುಂಗಡ ಬುಕಿಂಗ್ ಎಂದರೆ ಮೊದಲು ನೆನಪಾಗುವುದು ಕಟೀಲು ಮೇಳದ ಹರಕೆ ಆಟ. ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಾರೆ. ಬರೆಸಿದ್ದು ಅಜ್ಜ, ಆಡಿಸಿದ್ದು ಮೊಮ್ಮಗ ಎಂದು ತಮಾಷೆಗೆ ಹೇಳುವುದೂ ಉಂಟು. ಅದು ಬಿಟ್ಟರೆ ಮದುವೆ ಹಾಲ್. ಅದೂ ಬಿಟ್ಟರೆ ಮುಂಬೈಗೆ ಹೋಗುವ ಮತ್ಸ್ಯಗಂಧ ರೈಲು. 2024ರ ನವೆಂಬರಿನಲ್ಲಿ ರೈಲ್ವೆಯವರು 120 ದಿನ ಇದ್ದ ಮುಂಗಡ ಅವಧಿಯನ್ನು 60ಕ್ಕೆ ಇಳಿಸಿದಾಗ ಪಡುಬಿದ್ರಿ ಪೇಟೆಯಲ್ಲಿ ಅದು ಎರಡು ದಿನದ ಚರ್ಚೆಯಾಗಿತ್ತು. ಇಷ್ಟು ಮೂರು ವಿಷಯ ಗೊತ್ತಿದ್ದರೆ ಬದುಕಿಗೆ ಸಾಕು ಎಂದುಕೊಂಡಿದ್ದ ನಮ್ಮ ಮನೆಗೆ, ಹಡಗಿನಲ್ಲಿ ಏನೇನು ಮುಂಚೆ ಬುಕ್ ಮಾಡಬೇಕು ಎಂಬ ಪ್ರಶ್ನೆ ಬಂದದ್ದು ದೊಡ್ಡಮಾಮನ ಫೋನಿನ ಮೂಲಕ.

ದೊಡ್ಡಮಾಮ ಅಮ್ಮನ ಅಣ್ಣ. ಹದಿನಾಲ್ಕನೇ ವಯಸ್ಸಿಗೆ ಮುಂಬೈಗೆ ಹೋಗಿ ಕ್ಯಾಂಟೀನಿನಲ್ಲಿ ಲೋಟ ತೊಳೆದು, ಕೊನೆಗೆ ತಾನೇ ಒಂದು ಕ್ಯಾಂಟೀನ್ ನಡೆಸಿದವರು. ಅದನ್ನು ಮಗನಿಗೆ ವಹಿಸಿಕೊಟ್ಟ ಖುಷಿಗೆ ಕುಟುಂಬದ ಒಂಬತ್ತು ಜನರನ್ನು ಹಡಗಿನಲ್ಲಿ ಕರೆದುಕೊಂಡು ಹೋಗುವುದೆಂದು ಹಟ ಹಿಡಿದರು. ಮುಂಬೈಯಿಂದ ಹೊರಟು, ಲಕ್ಷದ್ವೀಪದ ಅಗತ್ತಿ ನೋಡಿ, ಪುನಃ ಮುಂಬೈ. ನಾಲ್ಕು ರಾತ್ರಿ. "ಟಿಕೆಟ್ ನಂದು. ಮೇಲಿನ ಖರ್ಚು ನಿಮ್ಮ ನಿಮ್ಮದು. ಬುಕಿಂಗ್ ಎಲ್ಲ ನೀನು ನೋಡಿಕೋ ಮಾರಾಯ್ತಿ, ನೀನು ಹೇಗೂ ಇಡೀ ದಿನ ಕಂಪ್ಯೂಟರಿನ ಎದುರೇ ಇರುವುದಲ್ಲವಾ" ಎಂದರು. ಪಿಎಚ್‌.ಡಿ. ಮಾಡುವವರ ಬಗ್ಗೆ ನಮ್ಮ ಕುಟುಂಬದ ಒಟ್ಟು ತಿಳಿವಳಿಕೆ ಇದೇ.

ಇನ್ನೊಂದು ಕಾರಣವೂ ಇತ್ತು. ಎಂ.ಎ. ಓದುವಾಗ ಒಂದು ಋತುವಿನಲ್ಲಿ ನಾನು ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿದೇಶಿ ಪ್ರವಾಸಿಗರ ಬಸ್ಸಿನಲ್ಲಿ ಸಹಾಯಕಿಯಾಗಿದ್ದೆ. ಮಳೆಗಾಲ ಕಳೆದ ಮೇಲೆ ಆಗಾಗ ಬೆಳಿಗ್ಗೆ ಬಂದು ಸಂಜೆ ಹೊರಟುಹೋಗುವ ಹಡಗುಗಳವು. ನನ್ನ ಕೆಲಸ ಬಸ್ಸಿನ ನಂಬರಿನ ಬೋರ್ಡು ಹಿಡಿದು ನಿಲ್ಲುವುದು, ತಲೆ ಎಣಿಸುವುದು, ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಚಪ್ಪಲಿ ಬಿಡಲು ಹೇಳುವುದು, ಕಾರ್ಕಳದ ಗೊಮ್ಮಟ 1432ರದ್ದು, 42 ಅಡಿ ಎತ್ತರ ಎಂದು ದಿನಕ್ಕೆ ಹತ್ತು ಸಲ ಹೇಳುವುದು. ಆರು ತಿಂಗಳ ಹಿಂದೆಯೇ ದುಡ್ಡು ಕೊಟ್ಟು ನಮ್ಮೂರನ್ನು ಬುಕ್ ಮಾಡಿ ಬಂದವರು ಅವರು. ಬಸ್ಸಿನಲ್ಲಿ ತೂಕಡಿಸುವವರೂ ಇದ್ದರು. ಬುಕ್ ಮಾಡದೆ ಬಂದ ಒಬ್ಬ ಮುದುಕಿ ಬಂದರಿನ ಗೇಟಿನಾಚೆ ರಿಕ್ಷಾ ಹಿಡಿದು ಪೇಟೆಯ ಮೀನು ಮಾರ್ಕೆಟ್ಟಿಗೆ ಹೋಗಿ, ಮಲ್ಲಿಗೆ ಮುಡಿದುಕೊಂಡು ಸಂಜೆ ಎಲ್ಲರಿಗಿಂತ ಖುಷಿಯಾಗಿ ವಾಪಸಾದದ್ದು ನೆನಪುಂಟು. ಆದರೆ ಗೇಟಿನ ಹತ್ತಿರ ಅವಳು ಓಡುತ್ತ ಬಂದದ್ದೂ ನೆನಪುಂಟು. ಹಡಗಿನವರೇ ಏರ್ಪಡಿಸಿದ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತ ರಿಕ್ಷಾ ತಡವಾದರೆ ಕಾಯುವುದಿಲ್ಲ. ಮುಂಗಡ ಕೊಟ್ಟ ದುಡ್ಡಿನಲ್ಲಿ ಅರ್ಧ ಈ ಕಾಯುವಿಕೆಯ ಬೆಲೆ.

ಈ ಅನುಭವದ ಬಲದಲ್ಲಿ ನಾನು ಒಂದು ವಾರ ಪ್ರಬಂಧ ಬದಿಗಿಟ್ಟು ಕೂತೆ. (ಮಾರ್ಗದರ್ಶಕರು ಇದನ್ನು ಓದುವುದಿಲ್ಲ ಎಂಬ ನಂಬಿಕೆ.) ದೊಡ್ಡ ಹಡಗುಗಳ ಲೋಕ ನಿಜಕ್ಕೂ ವಿಚಿತ್ರ. 2024ರಲ್ಲಿ ಓಡಾಟ ಶುರು ಮಾಡಿದ ‘ಐಕಾನ್ ಆಫ್ ದ ಸೀಸ್’ನಂಥ ಹಡಗು ತುಂಬಿದರೆ ಏಳೂವರೆ ಸಾವಿರ ಪ್ರಯಾಣಿಕರು. ಅಷ್ಟು ಜನರ ನಡುವೆ ರಾತ್ರಿಯ ನಾಟಕಕ್ಕೂ ಕುರ್ಚಿ ಮುಂಚೆ ಹಿಡಿಯಬೇಕು. ಮುಂಬೈಯಿಂದ ಹೊರಡುವ ‘ಎಂಪ್ರೆಸ್’ ಅದರೆದುರು ಸಣ್ಣದು. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು, ಹನ್ನೊಂದು ಅಂತಸ್ತು, ಸುಮಾರು ಎಂಟುನೂರು ಕೋಣೆ, 2021ರಿಂದ ನಮ್ಮ ಕಡಲಿನಲ್ಲಿ. ಸಣ್ಣದು ಎಂದೆ, ಮಲ್ಪೆಯ ಬೋಟು ನೋಡಿ ಬೆಳೆದವಳಿಗೆ 211 ಮೀಟರ್ ಉದ್ದದ್ದು ಸಣ್ಣದು ಹೇಗಾಗುತ್ತದೆ?

ನಾನು ಒಂದು ಪಟ್ಟಿ ಮಾಡಿದೆ. ಕೋಣೆ ಒಳಗಿನದ್ದೋ, ಕಿಟಕಿಯದ್ದೋ, ಬಾಲ್ಕನಿಯದ್ದೋ. ಪಾನೀಯದ ಪ್ಯಾಕೇಜ್. ವೈಫೈ. ವಿಶೇಷ ರೆಸ್ಟೋರೆಂಟ್. ಸ್ಪಾ. ವಿಮೆ. ಅಗತ್ತಿಯಲ್ಲಿ ಇಳಿಯುವುದು. ಭಾನುವಾರ ಊರಿಗೆ ಬಂದು, ಬಂಗುಡೆ ಶುಚಿ ಮಾಡುತ್ತಿದ್ದ ಅಮ್ಮನ ಎದುರು ಕೂತು ಒಂದೊಂದಾಗಿ ಓದಿದೆ. ಪ್ರತಿಯೊಂದಕ್ಕೂ ಅಮ್ಮನ ಉತ್ತರ ಒಂದೇ: "ಬೊಡ್ಚಿ."

ತುಳುವಿನಲ್ಲಿ ಬೊಡ್ಚಿ ಎಂದರೆ ಬೇಡ. ಅಮ್ಮನ ಬಾಯಲ್ಲಿ ಆ ಶಬ್ದಕ್ಕೆ ಹಲವು ಅರ್ಥಗಳು: ದುಡ್ಡಿಲ್ಲ, ನಾಚಿಕೆ, ಮತ್ತೊಮ್ಮೆ ಕೇಳು, ಅಣ್ಣನ ಹಂಗು ಬೇಡ. ಯಾವಾಗ ಯಾವುದು ಎಂದು ನನಗೆ ಗೊತ್ತಾಗುತ್ತದೆ ಎಂದು ಇಪ್ಪತ್ತೆಂಟು ವರ್ಷ ನಂಬಿದ್ದೆ.

ಪಟ್ಟಿ ಮುಗಿದ ಮೇಲೆ ಅಮ್ಮ ಕತ್ತಿ ತೊಳೆಯುತ್ತ ಕೇಳಿದಳು. "ಇದರಲ್ಲಿ ಯಾವುದು ಮುಗಿದುಹೋಗುವಂಥದ್ದು?"

"ಅಂದರೆ?"

"ಅಂಜಲ್ ಬೇಕಾದರೆ ಮುಂಚೆ ಹೇಳಿಡಬೇಕು. ಬೂತಾಯಿಗೆ ಯಾರಾದರೂ ಹೇಳಿಡ್ತಾರಾ? ಹೋದರೆ ಸಿಗ್ತದೆ. ಇವತ್ತು ಸಿಗದಿದ್ದರೆ ನಾಳೆ."

ಇಪ್ಪತ್ತು ವರ್ಷ ನಸುಕಿಗೆದ್ದು ಮಲ್ಪೆಯ ಹರಾಜಿಗೆ ಹೋಗಿ, ಬುಟ್ಟಿ ತುಂಬಿಸಿಕೊಂಡು ಮನೆಮನೆಗೆ ಮೀನು ಮಾರಿದವಳ ಲೆಕ್ಕ ಇದು. ನಾನು ಒಂದು ವಾರ ಓದಿದ್ದೆಲ್ಲ ಇದರ ಮುಂದೆ ಅನಗತ್ಯವಾಗಿ ಉದ್ದವಾಗಿ ಕಂಡಿತು. ಪಟ್ಟಿಯನ್ನು ಹಾಗೆಯೇ ಒಡೆದೆ. ಊಟ ಬೂತಾಯಿ: ಟಿಕೆಟ್ಟಿನಲ್ಲೇ ಸೇರಿದೆ, ಮುಗಿಯುವುದಿಲ್ಲ. ಹಾಗಿರುವಾಗ ವಿಶೇಷ ರೆಸ್ಟೋರೆಂಟಿಗೆ ಬೇರೆ ದುಡ್ಡು ಯಾಕೆ? ಹೊಳೆಯಿತು. ವೈಫೈ ಬೂತಾಯಿ, ಮಾಮನ ಮಗನಿಗೆ ಬೇಕೇಬೇಕಾದರೆ ಹಡಗಿನಲ್ಲೇ ಕೊಳ್ಳಲಿ. ಸ್ಪಾ ನಮ್ಮ ಮನೆಯಲ್ಲಿ ಮೀನೇ ಅಲ್ಲ. ಪಾನೀಯದ ಪ್ಯಾಕೇಜಿನ ಬಗ್ಗೆ ದೊಡ್ಡಮಾಮನೊಂದಿಗೆ ಅರ್ಧ ಗಂಟೆ ಫೋನಿನಲ್ಲಿ ಲೆಕ್ಕ ಹಾಕಿದೆವು. ದಿನಕ್ಕೆ ಎಷ್ಟು ಕುಡಿದರೆ ಅಸಲು ಹುಟ್ಟುತ್ತದೆ ಎಂದು ಲೆಕ್ಕ ತೆಗೆದಾಗ ಆ ಕಡೆಯಿಂದ ಅತ್ತೆ ಫೋನ್ ಕಸಿದುಕೊಂಡು ಚರ್ಚೆ ಮುಗಿಸಿದರು. ಕೋಣೆ ಅಂಜಲ್: ಹಡಗಿನಲ್ಲಿ ಇರುವುದೇ ಇಷ್ಟು, ಹೊರಟ ಮೇಲೆ ಹುಟ್ಟುವುದಿಲ್ಲ. ಅದರಲ್ಲೂ ನಡುಭಾಗದ, ಕೆಳಗಿನ ಅಂತಸ್ತಿನ ಕೋಣೆಗಳು; ತೊಟ್ಟಿಲಿನ ನಡುವಿಗಿಂತ ತುದಿ ಹೆಚ್ಚು ತೂಗುವ ಹಾಗೆ, ಹಡಗಿನ ಮೂತಿ ಮತ್ತು ಬಾಲದಲ್ಲೇ ಓಲಾಟ ಹೆಚ್ಚು. ಅಗತ್ತಿಯಲ್ಲಿ ಇಳಿಯುವುದೂ ಅಂಜಲ್. ದೊಡ್ಡ ಹಡಗು ದ್ವೀಪದ ದಡಕ್ಕೆ ಬರುವುದಿಲ್ಲ, ಹೊರಗೆ ಲಂಗರು ಹಾಕುತ್ತದೆ. ಜನ ಸಣ್ಣ ದೋಣಿಗಳಲ್ಲಿ ಹೋಗಬೇಕು. ದೋಣಿಯಲ್ಲಿ ಜಾಗ ಲೆಕ್ಕದ್ದು. ಟಿಕೆಟ್ಟಿನಲ್ಲಿ ಸೇರಿದ್ದಲ್ಲ, ಬೇರೆ ಹಣ ಕೊಟ್ಟು ಹೆಸರು ಬರೆಸಬೇಕು.

ಎರಡು ಅಂಜಲ್. ನನ್ನ ಶಿಷ್ಯವೇತನ ಬರುವಾಗ ಬರುತ್ತದೆ, ಬಾರದಿರುವಾಗ ಬರುವುದಿಲ್ಲ; ಅವತ್ತಿನ ಖಾತೆಯಲ್ಲಿ ಒಂದಕ್ಕೆ ಮಾತ್ರ ದುಡ್ಡಿತ್ತು.

ಮಾಮ ಎಲ್ಲರಿಗೂ ಒಳಗಿನ ಕೋಣೆಗಳನ್ನೇ ತೆಗೆಯುವವರಿದ್ದರು. ಅದು ಅವರ ತಪ್ಪಲ್ಲ, ಒಂಬತ್ತು ಜನರ ಟಿಕೆಟ್ಟು. ಅಮ್ಮನಿಗೂ ನನಗೂ ಒಂದು ಕೋಣೆ. ಗೋಡೆಗೆ ಕಿಟಕಿಯೇ ಇಲ್ಲದ ಕೋಣೆಯಲ್ಲಿ ಅಮ್ಮ ನಾಲ್ಕು ರಾತ್ರಿ ಮಲಗುವುದು ನನಗೆ ಕಲ್ಪಿಸಿಕೊಳ್ಳಲಿಕ್ಕೇ ಆಗಲಿಲ್ಲ. ಅದಕ್ಕೆ ಕಾರಣ ಅಪ್ಪ.

ಅಪ್ಪ ಬೋಟಿನಲ್ಲಿ ತಾಂಡೇಲರಾಗಿದ್ದವರು. ಆಳಸಮುದ್ರಕ್ಕೆ ಹೋದರೆ ಎಂಟು ಹತ್ತು ದಿನ ಇಲ್ಲ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಎರಡು ತಿಂಗಳು ಮಾತ್ರ ನಮಗೆ ಪೂರ್ತಿ ಸಿಗುತ್ತಿದ್ದರು. ಒಂಬತ್ತು ವರ್ಷದ ಹಿಂದೆ, ಕಡಲಿನಲ್ಲಲ್ಲ, ಆಸ್ಪತ್ರೆಯಲ್ಲಿ ತೀರಿಕೊಂಡರು. ಅಮ್ಮನ ಇಡೀ ಸಂಸಾರ ಕಡಲಿನಿಂದ ನಡೆಯಿತು, ಆದರೆ ಅವಳು ಒಂದು ದಿನವೂ ದೋಣಿ ಹತ್ತಿದವಳಲ್ಲ. ನಮ್ಮಲ್ಲಿ ಗಂಡಸರು ಕಡಲಿಗೆ, ಹೆಂಗಸರು ದಡದಿಂದ ಮಾರ್ಕೆಟ್ಟಿಗೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿಗರ ದೋಣಿ ಹೋಗುವುದನ್ನು ಎಷ್ಟು ಸಾವಿರ ಸಲ ನೋಡಿದ್ದಾಳೋ, ಹತ್ತಬೇಕೆಂದು ಒಮ್ಮೆಯೂ ಹೇಳಿರಲಿಲ್ಲ. 2020ರಲ್ಲಿ ಪಡುಬಿದ್ರಿ ಬೀಚಿಗೆ ಬ್ಲೂ ಫ್ಲ್ಯಾಗ್ ಬಂದ ಮೇಲೆ ಪೇಟೆಯವರೆಲ್ಲ ಕಡಲು ನೋಡಲು ಬಂದರು. ಅಮ್ಮ ನಕ್ಕಳು, ನೋಡಲು ಇರುವುದಾ ಅದು?

ಬುಕಿಂಗಿನ ಮಾತು ನಡೆದ ದಿನ ರಾತ್ರಿ, ಊಟ ಆದ ಮೇಲೆ ಕೇಳಿದಳು: "ಹಡಗು ಮಾಲ್ವಣದ ಬದಿಯಿಂದ ಹೋಗ್ತದಾ?"

ಕರಾವಳಿಯವರಿಗೆ ಆ ಪ್ರಶ್ನೆ ಅರ್ಥವಾಗುತ್ತದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನರೊಂದಿಗೆ ಕಾಣೆಯಾಯಿತು. ತಿಂಗಳುಗಟ್ಟಲೆ ಹುಡುಕಿ, ಮರುವರ್ಷ ಮೇಯಲ್ಲಿ ನೌಕಾಪಡೆಯವರಿಗೆ ಮಾಲ್ವಣದಾಚೆ ಸಮುದ್ರದ ತಳದಲ್ಲಿ ಅದರ ಅವಶೇಷ ಸಿಕ್ಕಿತು. ಅಪ್ಪ ಆಗ ಇರಲಿಲ್ಲ. ಆದರೂ ಆ ಐದು ತಿಂಗಳು ಅಮ್ಮ ಟಿವಿ ಎದುರಿನಿಂದ ಏಳಲಿಲ್ಲ.

"ತುಂಬ ಹೊರಗಿನಿಂದ ಹೋಗ್ತದೆ" ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ಕಿಟಕಿ ಬೇಕಾ ಅಮ್ಮ?" ಎಂದೆ.

ಈ ಸಲ ಬೊಡ್ಚಿ ಬರಲಿಲ್ಲ. "ಎಷ್ಟು ಹೆಚ್ಚು?" ಎಂದಳು.

ನನಗೆ ಅಷ್ಟು ಸಾಕಾಯಿತು. ಮಾಮನಿಗೆ ಹೇಳದೆ ವ್ಯತ್ಯಾಸದ ದುಡ್ಡು ನಾನೇ ಕಟ್ಟಿ ಕಿಟಕಿಯ ಕೋಣೆ ತೆಗೆದೆ. ದ್ವೀಪದ ದೋಣಿಗೆ ಹೆಸರು ಬರೆಸಲಿಲ್ಲ. ಆ ನಿರ್ಧಾರಕ್ಕೆ ದುಡ್ಡಿನ ಜೊತೆ ಇನ್ನೊಂದು ಕಾರಣವನ್ನೂ ನಾನೇ ಕೊಟ್ಟುಕೊಂಡೆ: ಅಮ್ಮನ ಮಂಡಿ. ಹಡಗಿನಿಂದ ಓಲಾಡುವ ದೋಣಿಗೆ ಇಳಿಯುವುದು ಅವಳಿಂದ ಆಗುವ ಮಾತಲ್ಲ. ಹೇಗೂ ಅವಳೇ ಬೊಡ್ಚಿ ಅಂದಿದ್ದಳಲ್ಲ.

ನಿಜ ಹೇಳಬೇಕೆಂದರೆ ಆ ದ್ವೀಪ ನೋಡುವ ಆಸೆ ಇದ್ದದ್ದು ನನಗೆ. ನನ್ನ ಸಂಶೋಧನೆ ದಕ್ಷಿಣ ಕನ್ನಡದ ಮಂಜಿಗಳ ವ್ಯಾಪಾರದ ಮೇಲೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಅಮಿನಿದಿವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದವು. ಅವುಗಳ ಆಡಳಿತ ಮಂಗಳೂರಿನ ಕಲೆಕ್ಟರರದ್ದು. ದ್ವೀಪದ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಬದಲಿಗೆ ಅಕ್ಕಿ ಹೋಗುತ್ತಿತ್ತು. ಅಗತ್ತಿ ಮಾತ್ರ ಮಲಬಾರಿನ ಪಾಲಿಗಿತ್ತು. ಇವತ್ತಿಗೂ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನಿನ ಮಂಜಿಗಳು ಹೋಗುತ್ತವೆ. ಅಂದರೆ ನಮ್ಮೂರಿನಿಂದ ಹೆಚ್ಚು ಕಡಿಮೆ ನೇರ ನೈಋತ್ಯಕ್ಕಿರುವ ದ್ವೀಪಕ್ಕೆ ನಾವು ರೈಲಿನಲ್ಲಿ ಒಂದು ರಾತ್ರಿ ಉತ್ತರಕ್ಕೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಪುನಃ ನಮ್ಮೂರನ್ನು ದಾಟಿಕೊಂಡು ದಕ್ಷಿಣಕ್ಕೆ ಬರಬೇಕಿತ್ತು. ಇದನ್ನು ಅಮ್ಮನಿಗೆ ಹೇಳಿದಾಗ, "ಅಕ್ಕಿ ಚೀಲದ ಮೇಲೆ ಕೂತು ಹೋದರೆ ಬುಕಿಂಗೇ ಬೇಡ" ಎಂದಳು. ಅವಳ ಅಪ್ಪ ಮುಂಬೈಗೆ ಹೋದದ್ದು ಹಾಗೆಯೇ ಅಂತೆ. ಮಂಗಳೂರಿನಿಂದ ಉಗಿಹಡಗು, ಡೆಕ್ಕಿನ ಟಿಕೆಟ್ಟು, ಕಟ್ಟಿಕೊಂಡು ಹೋದ ಅವಲಕ್ಕಿ, ಒಣಮೀನು. ಜಾಗ ಹಿಡಿಯಲು ಒಂದು ಚಾಪೆ.

ಮತ್ಸ್ಯಗಂಧದಲ್ಲಿ ಕೆಳಗಿನ ಬರ್ತು, ಅಮ್ಮನ ಆಧಾರಿನಲ್ಲಿ ಒಂದು ಅಕ್ಷರ ಹೆಚ್ಚಾಗಿದ್ದ ಹೆಸರು ಸರಿಪಡಿಸಿದ್ದು, ಮುಂಬೈಯಲ್ಲಿ ಮಾಮನ ಮನೆಯಲ್ಲಿ ಹನ್ನೊಂದು ಜನ ಮಲಗಿದ್ದು, ಇದನ್ನೆಲ್ಲ ಬಿಡುತ್ತೇನೆ. ಹಡಗು ಹತ್ತಿದ ಕೂಡಲೇ ಎಲ್ಲರನ್ನೂ ಒಂದು ಕಡೆ ಸೇರಿಸಿ ಜೀವರಕ್ಷಕ ಅಂಗಿ ಹಾಕುವುದು ಹೇಗೆ, ಯಾವ ಬಾಗಿಲಿಗೆ ಓಡುವುದು ಎಂದು ಹೇಳಿಕೊಡುತ್ತಾರೆ. ಅರ್ಧ ಜನ ಸೆಲ್ಫಿ ತೆಗೆಯುತ್ತಿದ್ದರು. ಅಮ್ಮ ಮಾತ್ರ ಗಮನ ಕೊಟ್ಟು ಕೇಳಿ, ಕಟ್ಟುವ ದಾರವನ್ನು ಎಳೆದು ನೋಡಿ, "ಅಪ್ಪನವರಿಗೆ ಇಂಥದ್ದು ಇತ್ತಾ?" ಎಂದು ಕೇಳಿದಳು. ಇತ್ತು, ಹಾಕುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಇತ್ತು ಎಂದಷ್ಟೇ ಹೇಳಿದೆ.

ಕಿಟಕಿ ನೋಡಿ ಅಮ್ಮನಿಗೆ ನಿರಾಸೆಯಾಯಿತು. ಅದು ತೆರೆಯುವುದಿಲ್ಲ. ದಪ್ಪ ಗಾಜು, ಸುತ್ತಲೂ ಮುಚ್ಚಿದ್ದು. "ಗಾಳಿ ಬಾರದ್ದು ಎಂಥ ಕಿಟಕಿ" ಎಂದು ಎರಡು ಸಲ ಬೆರಳಿನಿಂದ ತಟ್ಟಿದಳು. ಒಂದೂವರೆ ತಿಂಗಳ ನನ್ನ ಹಾಸ್ಟೆಲ್ ಖರ್ಚು ಆ ಗಾಜಿನಲ್ಲಿತ್ತು. ಆದರೂ ರಾತ್ರಿ ಎಚ್ಚರವಾದಾಗ ನೋಡಿದರೆ ಅವಳು ಹಾಸಿಗೆಯ ಮೇಲೆ ಕೂತು ಹೊರಗೆ ನೋಡುತ್ತಿದ್ದಳು. ಹೊರಗೆ ಏನೂ ಇರಲಿಲ್ಲ, ಕತ್ತಲೆ. ದೂರದಲ್ಲಿ ಮೀನಿನ ಬೋಟೊಂದರ ಬೆಳಕು ಬಂದರೆ, ಅದು ಹಿಂದೆ ಸರಿಯುವವರೆಗೂ ಕತ್ತು ತಿರುಗಿಸಿ ನೋಡುವುದು. ಮಲ್ಪೆಯದ್ದಾ, ರತ್ನಗಿರಿಯದ್ದಾ ಎಂದು ತಾನೇ ಕೇಳಿಕೊಳ್ಳುವುದು.

ಎರಡನೆಯ ರಾತ್ರಿ ಒಂಬತ್ತರ ಹೊತ್ತಿಗೆ ತೆರೆದ ಡೆಕ್ಕಿನಲ್ಲಿ ನಿಂತು ಮೊಬೈಲಿನ ನಕ್ಷೆ ನೋಡಿ ಹೇಳಿದೆ, "ಈಗ ನಮ್ಮೂರಿನ ನೇರಕ್ಕೆ ಬಂದೆವು." ಪೂರ್ವಕ್ಕೆ ಸುಮಾರು 250 ಕಿ.ಮೀ. ಅಮ್ಮ ಆ ಕಡೆ ತಿರುಗಿ ನಿಂತಳು. ಕಾಪು ದೀಪಸ್ತಂಭದ ಬೆಳಕು ಅಷ್ಟು ದೂರ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತು. "ಇಷ್ಟು ದೂರ ಬರ್ತಿದ್ದರಾ?" ಎಂದಳು. ನನಗೆ ಗೊತ್ತಿರಲಿಲ್ಲ. ಮಂಜಿಗಳು ಎಷ್ಟು ದಿನಕ್ಕೆ ಎಲ್ಲಿ ಮುಟ್ಟುತ್ತಿದ್ದವು ಎಂದು ಕಡತಗಳಲ್ಲಿ ಹುಡುಕುವವಳು ನಾನು. ಅಪ್ಪನನ್ನು ಎಲ್ಲಿಯವರೆಗೆ ಹೋಗುತ್ತೀರಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹಡಗು ನಿಂತಿತು. ಕಿಟಕಿಯಾಚೆ ನೀರಿನ ಬಣ್ಣವೇ ಬೇರೆಯಾಗಿತ್ತು. ದೂರದಲ್ಲಿ ತೆಂಗಿನ ಒಂದು ಗೆರೆ, ಅದೇ ಅಗತ್ತಿ. ದ್ವೀಪದಿಂದ ಬಂದ ಸಣ್ಣ ಮೋಟಾರು ದೋಣಿಗಳು ಹಡಗಿನ ಹೊಟ್ಟೆಗೆ ಆತು ನಿಂತಿದ್ದವು. ಮಾಮನ ಮನೆಯವರು ಇಳಿಯಲು ತಯಾರಾದರು, ಅವರು ಮುಂಚೆಯೇ ಹೆಸರು ಬರೆಸಿದ್ದರು. ತಿಂಡಿಯ ಮೇಜಿನಲ್ಲಿ ಅತ್ತೆ ನನ್ನನ್ನು ಬದಿಗೆ ಕರೆದು, "ನಿನ್ನ ಅಮ್ಮನಿಗೆ ಯಾಕೆ ಮಾಡಲಿಲ್ಲ? ನಿನ್ನೆಯಿಂದ ಮೂರು ಸಲ ಕೇಳಿದ್ದಾಳೆ, ದೋಣಿಗೆ ಹೇಗೆ ಇಳಿಯುವುದು, ಸೀರೆ ಆಗ್ತದಾ ಅಂತ" ಎಂದರು.

ನಾನು ಕೌಂಟರಿಗೆ ಓಡಿದೆ. ಜಾಗ ತುಂಬಿತ್ತು. ಅಂಜಲ್, ಮುಗಿದುಹೋಗಿತ್ತು. ಅಲ್ಲೇ ನಿಂತೆ. ಏನು ಕಾಯುತ್ತಿದ್ದೇನೆಂದು ಗೊತ್ತಿಲ್ಲದೆ, ಪಣಂಬೂರಿನ ಗೇಟಿನ ಹತ್ತಿರ ಓಡಿಬಂದ ಆ ಮುದುಕಿಯನ್ನು ನೆನೆಯುತ್ತ ನಿಂತೆ. ಮುಕ್ಕಾಲು ಗಂಟೆಯಾದ ಮೇಲೆ ಪುಣೆಯ ಕಡೆಯವರೊಬ್ಬರು ರಾತ್ರಿಯಿಡೀ ವಾಂತಿ ಮಾಡಿ ಸುಸ್ತಾದ ಹೆಂಡತಿಯ ಟಿಕೆಟ್ ವಾಪಸ್ ಮಾಡಲು ಬಂದರು. ಒಂದು ಜಾಗ.

ಕೋಣೆಗೆ ಹೋಗಿ ಹೇಳಿದೆ. "ನೀನು ಹೋಗು, ನಿನ್ನ ಓದಿಗೆ ಆಗ್ತದೆ. ನನಗೆ ಬೊಡ್ಚಿ" ಎಂದಳು. ಆದರೆ ಆಗಲೇ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಹರಾಜಿಗೆ ಹೋಗುವಾಗ ಮಾಡುತ್ತಿದ್ದ ಹಾಗೆ.

ಅವಳನ್ನು ಕಳಿಸಿ ನಾನು ಕಿಟಕಿಯ ಹತ್ತಿರ ಕೂತೆ. ನಮ್ಮ ಕೋಣೆ ದೋಣಿಗಳು ನಿಂತ ಬದಿಗೇ ಇತ್ತು, ಅದು ಮಾತ್ರ ಅದೃಷ್ಟ. ಸ್ವಲ್ಪ ಹೊತ್ತಿನಲ್ಲಿ ಒಂದು ದೋಣಿ ಹಡಗಿನ ನೆರಳಿನಿಂದ ಹೊರಗೆ ಬಂತು. ಕಿತ್ತಳೆ ಬಣ್ಣದ ಅಂಗಿಗಳ ಸಾಲಿನಲ್ಲಿ ಅಮ್ಮನ ಬಿಳಿ ತಲೆ. ಬೇರೆಯವರೆಲ್ಲ ಅಂಚನ್ನು ಗಟ್ಟಿಯಾಗಿ ಹಿಡಿದು ಮುಂದಕ್ಕೆ ಬಾಗಿ ಕೂತಿದ್ದರು. ಅವಳು ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಇಂಜಿನಿನ ಹತ್ತಿರ ನಿಂತ ದೋಣಿಯವನ ಕೈಯನ್ನೇ ನೋಡುತ್ತಿದ್ದಳು. ನಾನು ಗಾಜಿಗೆ ತಟ್ಟಿದೆ. ಅದು ಕೇಳುವಂಥದ್ದಲ್ಲ.

ಮಧ್ಯಾಹ್ನ ವಾಪಸು ಬಂದಾಗ ಸೀರೆಯ ಅಂಚು ಮಂಡಿಯವರೆಗೆ ಒದ್ದೆ. ಮಂಡಿ ನೋವಾಯಿತಾ ಎಂದು ಕೇಳಿದೆ. ಆಯಿತು ಎಂದಳು. ದ್ವೀಪ ಹೇಗಿತ್ತು ಎಂದೆ. "ತೆಂಗಿನಮರ ಉಂಟು. ನಮ್ಮಲ್ಲಿ ಇರುವಂಥದ್ದೇ." ಆಮೇಲೆ ಹಾಸಿಗೆಯ ತುದಿಯಲ್ಲಿ ಕೂತು, ಒದ್ದೆ ಸೆರಗನ್ನು ಮೂಗಿಗೆ ಹಿಡಿದು ಹೇಳಿದಳು, "ಆ ದೋಣಿಯಲ್ಲಿ ಡೀಸೆಲ್ ವಾಸನೆ ಇತ್ತು ಮಗಾ. ಉಪ್ಪು, ಡೀಸೆಲ್. ಅಪ್ಪನ ಅಂಗಿಯದ್ದೇ ವಾಸನೆ. ಈ ಹಡಗಿನಲ್ಲಿ ಅದು ಇಲ್ಲವೇ ಇಲ್ಲ."

ಸೀರೆ ಬದಲಿಸುವಾಗ ಕೇಳಿದಳು, "ನಾಳೆ ಪುನಃ ದೋಣಿ ಉಂಟಾ?"

ಇಲ್ಲ, ನಾಳೆ ಇಡೀ ದಿನ ಕಡಲು ಮಾತ್ರ ಎಂದೆ. ಊರಿಗೆ ಹೋದ ಮೇಲೆ ಮಲ್ಪೆಯಿಂದ ಸೇಂಟ್ ಮೇರೀಸಿಗೆ ಹೋಗುವ, ಅಲ್ಲಿಯದ್ದೂ ಡೀಸೆಲ್ ದೋಣಿಯೇ ಎಂದೆ.

"ಅದಕ್ಕೆ ಮುಂಚೆ ಹೇಳಿಡಬೇಕಾ?"

"ಬೇಡ. ಹೋದ ಕೂಡಲೇ ಸಿಗ್ತದೆ."

"ಮಳೆ ಶುರುವಾಗುವ ಮೊದಲು ಹೋಗುವ" ಎಂದಳು.